ನೀವು ಈ ಮಗುವಿಗೆ ಏನಾಗಬೇಕು?

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ನೋಡಿ, ಇಷ್ಟು ಹೇಳಿದ್ದೇ ತಡ, ಮುಂದಿನ ಸಾಲಿನವರು ಹಿಂದಿನ ಸಾಲಿನವರ ಮುಖ ನೋಡಿದಿರಿ. ಯಾವ ಊರು, ಯಾವ ಶ್ರೀಮಂತ ಅಂತ ಹುಡುಕಬೇಡಿ. ಇವತ್ತಿನ ಕಥೆಯಲ್ಲಿ ಯಾರ ಹೆಸರೂ ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದು ಕಡೆಗೆ ತಿಳಿಯುತ್ತದೆ. ಸದ್ಯಕ್ಕೆ ಅವನನ್ನು ಸಾವುಕಾರ ಅನ್ನೋಣ.

ಸಾವುಕಾರ ಕೆಟ್ಟವನಲ್ಲ. ಕೊಡುವ ಕೈ. ಆದರೆ ಅವನಿಗೊಂದು ಚಾಳಿ ಇತ್ತು. ಎದುರಿನವರು ಮಾತು ಮುಗಿಸುವ ಮೊದಲೇ ಅವನಿಗೆ ಎಲ್ಲ ಅರ್ಥವಾಗಿಬಿಡುತ್ತಿತ್ತು. "ಸಾವ್ಕಾರ್ರ, ನಮ್ಮ ಎಮ್ಮಿ..." ಅಂದರೆ ಸಾಕು, "ಗೊತ್ತಾತು, ಸತ್ತೈತಿ, ಹೊಸಾದು ಕೊಡಸ್ತೀನಿ, ನಡಿ" ಅನ್ನುವವನು. ಪಾಪ, ಬಂದವನು ಎಮ್ಮೆ ಈದಿದೆ, ಗಿಣ್ಣ ತಂದಿದ್ದೇನೆ ಅಂತ ಹೇಳಲು ಬಂದಿರುತ್ತಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಒಂದು ವರ್ಷ ಹೊಳೆ ಬಂತು. ಹೊಳೆ ಬಂತು ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜನ ಸಿಕ್ಕಿದ್ದನ್ನು ಹತ್ತಿದರು. ತಾಯಿ ಒಂದು ಟ್ರ್ಯಾಕ್ಟರಿನಲ್ಲಿ, ಮಗು ಒಂದು ದೋಣಿಯಲ್ಲಿ. ಎತ್ತರದ ಊರಿನ ಶಾಲೆಯಲ್ಲಿ ಆಸರೆ ಮಾಡಿದರು. ಮೊದಲೆಲ್ಲ ಇಂಥ ಜಾಗಕ್ಕೆ ಗಂಜಿ ಕೇಂದ್ರ ಅನ್ನುತ್ತಿದ್ದರು. ಈಗ ಬೋರ್ಡು ಬದಲಾಗಿದೆ, ಕಾಳಜಿ ಕೇಂದ್ರ ಅಂತ ಬರೆದಿರುತ್ತಾರೆ. ಬೋರ್ಡು ಬದಲಾಯಿತು, ನಮ್ಮ ಬಾಯಿ ಬದಲಾಗಲಿಲ್ಲ. ಸಾವುಕಾರನೂ ಗಂಜಿ ಕೇಂದ್ರ ಅಂತಲೇ ತಿಳಿದ. ಅಕ್ಕಿ ಕಳಿಸಿದ, ಬೇಳೆ ಕಳಿಸಿದ, ಹಂಡೆ ಕಳಿಸಿದ, ಅಡುಗೆಯವರನ್ನೂ ಕಳಿಸಿದ. ಗಂಜಿ ಕೊಟ್ಟೆ, ಅಲ್ಲಿಗೆ ಕಾಳಜಿ ಮುಗಿಯಿತು ಅಂದುಕೊಂಡ.

ಅಲ್ಲಿಗೆ ಒಂದು ಸೇವಾ ಸಂಸ್ಥೆಯವರೂ ಬಂದರು. ಲಾರಿ ತಂದರೇ? ಇಲ್ಲ. ಹಂಡೆ ತಂದರೇ? ಇಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಕಳಿಸಿದರು. ಒಬ್ಬಾಕೆ ತಂದೆತಾಯಿಯ ಕೈತಪ್ಪಿ ಬಂದ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಸೇರಿಸಿ ಆಡಿಸುತ್ತ, ಚಿತ್ರ ಬರೆಸುತ್ತ ಇದ್ದುಬಿಟ್ಟಳು. ಮೊದಲ ದಿನ ಎಲ್ಲ ಮಕ್ಕಳೂ ನೀರನ್ನೇ ಬರೆದವು. ಎರಡನೇ ದಿನವೂ ನೀರೇ. ಮೂರನೇ ದಿನ ಒಂದು ಮಗು ಆಡು ಬರೆಯಿತು. ಆಡು ನೋಡಿ ಆಕೆ ಕಣ್ಣೊರೆಸಿಕೊಂಡಳಂತೆ. ಇನ್ನೊಬ್ಬಾಕೆ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ತೊಡೆಯ ಮೇಲೆ ದಪ್ಪನೆಯ ರಿಜಿಸ್ಟರು ಇಟ್ಟುಕೊಂಡು ಕುಳಿತಳು. ಅಷ್ಟೇ ಕೆಲಸ. ಜನ ಆಕೆಗೆ ರಿಜಿಸ್ಟರ್ ಅಕ್ಕ ಅಂತ ಹೆಸರಿಟ್ಟರು. ಸುಮ್ಮನೆ ಕೂಡಲಿಕ್ಕೂ ಸಂಬಳ ಕೊಡುತ್ತಾರಂತೆ ಅಂತ ನಕ್ಕರು.

ಸಾವುಕಾರ ಬಂದ, ಹಿಂದೆ ಫೋಟೋದವನನ್ನು ಕಟ್ಟಿಕೊಂಡು. ಅಕ್ಕ ಎದ್ದೇಳಲಿಲ್ಲ. ಕುಳಿತಲ್ಲಿಂದಲೇ ಕೇಳಿದಳು, "ನೀವು ಈ ಮಕ್ಕಳಿಗೆ ಏನಾಗಬೇಕ್ರಿ?"

ಸಾವುಕಾರನಿಗೆ ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ. "ನಾ ಏನಾಗಬೇಕು? ನಾ ಏನೂ ಆಗೂದು ಉಳದಿಲ್ಲ. ಎಲ್ಲಾ ಆಗೇ ಕುಂತೀನಿ."

"ಹಂಗಾರ ಹೊರಗ ನಿಂದರ್ರಿ. ಒಳಗ ಬಿಡಂಗಿಲ್ಲ."

"ಈ ಕೋಣಿ ಕಟ್ಟಿಸಿದಾವ ನಾ. ಮ್ಯಾಲ ಕಲ್ಲಿನ್ಯಾಗ ನನ್ನ ಹೆಸರೈತಿ, ಓದವಾ."

ಅಕ್ಕ ತಲೆಯೆತ್ತಿ ಪೂರ್ತಿ ಓದಿದಳು. "ಚಲೋ ಕೆತ್ತ್ಯಾರ್ರಿ. ಈ ರಿಜಿಸ್ಟರಿನ್ಯಾಗೂ ಒಮ್ಮೆ ಬರೀರಿ. ಎಲ್ಲಿಂದ ಬಂದ್ರಿ, ಯಾಕ ಬಂದ್ರಿ."

"ಫೋಟೋ ತಗಸಾಕ ಬಂದೀನಿ."

"ಮಕ್ಕಳ ಮಾರಿ ಬರಬಾರದ್ರಿ. ಗಂಜಿ ಹಂಡೇದು ತಗಸ್ರಿ. ಅದನ್ನ ಯಾರೂ ಎತ್ಕೊಂಡು ಹೋಗಂಗಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಹಾಗಾಯಿತು. ಸಾವುಕಾರ ಸೌಟು ಹಿಡಿದು ಹಂಡೆಯ ಪಕ್ಕ ನಿಂತ. ಮರುದಿನ ಪೇಟೆಯಲ್ಲಿ ಬ್ಯಾನರು ಎದ್ದಿತು. ಅದನ್ನು ನೋಡಿದವರು ಸಾವುಕಾರನ ಮನೆಗೇ ಫೋನು ಮಾಡಿದರು, "ಖಾನಾವಳಿ ತಗದೀರಂತ, ರೊಟ್ಟಿ ಊಟ ಹೆಂಗ್ರಿ?"

ಸಾವುಕಾರನಿಗೆ ಮೈಯೆಲ್ಲ ಉರಿಯಿತು. ಫೋಟೋದವನನ್ನು ಹಿಂದಿನ ಕಿಟಕಿಗೆ ಕಳಿಸಿದ. ಸಿಕ್ಕಿತು ಒಂದು ಫೋಟೋ. ಏಳು ವರ್ಷದ ಹುಡುಗಿ, ಹಸಿರು ಫ್ರಾಕು, ಮುಂದಿನ ನಾಲ್ಕು ಹಲ್ಲಿಲ್ಲ. ಅಡುಗೆಯವರಿಂದ ಕೇಳಿ ಅದರ ಕೆಳಗೆ ಹುಡುಗಿಯ ಹೆಸರು, ಊರು, ತೀರಿಹೋದ ತಂದೆಯ ಹೆಸರು, ಈಗ ಇರುವ ಶಾಲೆ, ಎಲ್ಲ ಬರೆಸಿದ. 'ಪಾಪ, ದಿಕ್ಕಿಲ್ಲದ ಮಗು, ಎಲ್ಲರಿಗೂ ಕಳಿಸಿ' ಅಂತ ಮೊಬೈಲಿನಲ್ಲಿ ಬಿಟ್ಟ. ಮಧ್ಯಾಹ್ನದೊಳಗೆ ಜಿಲ್ಲೆಗೆಲ್ಲ ಮುಟ್ಟಿತು. ಮುಟ್ಟದೇ ಇದ್ದದ್ದು ಒಬ್ಬಳಿಗೆ ಮಾತ್ರ, ಆ ಮಗುವಿನ ತಾಯಿಗೆ. ಆಕೆಯ ಮೊಬೈಲು ಹೊಳೆಯ ಪಾಲಾಗಿತ್ತು.

ಮರುದಿನ ಬೆಳಿಗ್ಗೆ ಬಿಳಿ ಅಂಗಿಯವನೊಬ್ಬ ಬಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಾವು ಮಕ್ಕಳಿಗೆ ಹೇಳುತ್ತೇವೆ, ನಾವು ಮಾತ್ರ ಕುಡಿದುಬಿಡುತ್ತೇವೆ. ಅವನು ಹೊಸ ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು, ನೇರ ಹೋಗಿ ಸಾವುಕಾರನ ಕಾಲು ಹಿಡಿದ. "ನಿಮ್ಮ ಫೋಟೋದಿಂದ ನಮ್ಮಣ್ಣನ ಮಗಳು ಸಿಕ್ಕಳ್ರೀ, ನೀವು ದೇವರು" ಅಂತ ಅತ್ತ. ದೇವರು ಅಂದಮೇಲೆ ಮುಗಿಯಿತಲ್ಲ? ಸಾವುಕಾರ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಬಾಗಿಲಿಗೆ ಬಂದ.

"ನೀವು ಈ ಮಗುವಿಗೆ ಏನಾಗಬೇಕ್ರಿ?"

"ಕಾಕಾ ಆಗಬೇಕ್ರಿ." ಹುಡುಗಿಯ ಹೆಸರು ಹೇಳಿದ, ಸರಿ. ಊರು ಹೇಳಿದ, ಸರಿ. ತಂದೆಯ ಹೆಸರೂ ಸರಿ. ಯಾಕೆ ಸರಿಯಾಗುವುದಿಲ್ಲ? ಎಲ್ಲ ಮೊಬೈಲಿನಲ್ಲೇ ಇತ್ತು.

ಅಕ್ಕ ಬಾಗಿಲ ಸಂದಿಯಿಂದ ಹುಡುಗಿಗೆ ಅವನನ್ನು ತೋರಿಸಿ ಯಾರು ಅಂತ ಕೇಳಿದಳು. ಹುಡುಗಿ ಗೊತ್ತಿಲ್ಲ ಅಂದಳು. "ಸಣ್ಣ ಕೂಸು, ನೀರು ಕಂಡು ಗಾಬರ್ಯಾಗಿ ಮರತೈತಿ" ಅಂದ ಸಾವುಕಾರ. ಹೌದೇ ತಾಯಂದಿರೇ? ಹೋದ ದೀಪಾವಳಿಗೆ ಕೊಡಿಸುತ್ತೇನೆ ಅಂದ ಪಿಸ್ತೂಲನ್ನು ಮರೆಯದ ಮಕ್ಕಳು ಕಾಕಾನನ್ನು ಮರೆಯುತ್ತವೆಯೇ?

ಅಕ್ಕ ರಿಜಿಸ್ಟರು ತೆರೆದಳು. ಮಗು ಬಂದ ದಿನವೇ ಆಕೆ ಹತ್ತಿರ ಕೂಡಿಸಿಕೊಂಡು, ತಲೆ ಬಾಚುತ್ತ, ಮನೆಯವರಿಗೆ ಮಾತ್ರ ಗೊತ್ತಿರುವ ನಾಲ್ಕು ಸಂಗತಿ ಕೇಳಿ ಬರೆದಿಟ್ಟಿರುತ್ತಿದ್ದಳು. "ಮನ್ಯಾಗ ಈಕಿನ್ನ ಏನಂತ ಕರೀತೀರಿ?" ಅಂತ ಬಿಳಿ ಅಂಗಿಯವನನ್ನು ಕೇಳಿದಳು.

ಇದು ಮೊಬೈಲಿನಲ್ಲಿ ಇರಲಿಲ್ಲ. "ಚಿನ್ನಿ ಅಂತೀವ್ರಿ." ಅಕ್ಕ ತಲೆ ಅಲ್ಲಾಡಿಸಿದಳು. "ಅಲ್ಲ, ಬಂಗಾರಿ." ಇಲ್ಲ. ಸಾವುಕಾರನಿಗೆ ತಡೆಯಲಾಗಲಿಲ್ಲ, "ಪುಟ್ಟಿ ಅಂದಿರಬೇಕು ನೋಡು, ನೆನಪ ಮಾಡ್ಕೊ" ಅಂದ. ಹಂಡೆಯ ಹತ್ತಿರದಿಂದ ಅಡುಗೆಯವನು ಗುಬ್ಬಿ ಅಂತ ಕೂಗಿದ. ಪಡಸಾಲೆಯಲ್ಲಿ ಒಬ್ಬ ಕಾವಿಯವನೂ ಕುಳಿತಿದ್ದ, ಆಶೀರ್ವಾದ ಮಾಡಲು ಬಂದವನು. ಅವನು ಗಂಭೀರವಾಗಿ "ಲಕ್ಷ್ಮಿ ಇರಬಹುದೇ?" ಅಂದ. ಒಂದು ಮಗುವಿನ ಬಾಳು ತೂಗಾಡುತ್ತಿತ್ತು, ನಮ್ಮ ದೊಡ್ಡವರು ಒಗಟು ಬಿಡಿಸುತ್ತಿದ್ದರು.

ಸಾವುಕಾರ ಗುಡುಗಿದ, "ಹೆಸರಿನ್ಯಾಗ ಏನೈತಿ? ನಾ ಜಾಮೀನು. ಕೊಟ್ಟು ಕಳಸು."

ಕಾವಿಯವನೂ ದನಿಗೂಡಿಸಿದ, "ಸಾವುಕಾರರೇ ಹೇಳ್ತಾರ, ಕಳಸವ್ವ."

ಅಕ್ಕ ಅವನ ಕಡೆ ತಿರುಗಿದಳು. "ಅಜ್ಜಾರ, ನೀವು ಈ ಮಗುವಿಗೆ ಏನಾಗಬೇಕ್ರಿ?"

ಆ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದಳು. ಮೊಣಕಾಲವರೆಗೆ ಕೆಸರು, ಕೂಗಿ ಕೂಗಿ ಗಂಟಲು ಹೋಗಿತ್ತು. ಎದುರಿಗೆ ನಿಂತಿದ್ದ ಸಾವುಕಾರನನ್ನೇ ಕೇಳಿದಳು, "ಯಣ್ಣಾ, ನಮ್ಮತ್ತಿ ಇಲ್ಲಿ ಬಂದಾಳೇನ್ರಿ? ಹಸರು..."

"ಹಸರು ಸೀರಿ. ಗೊತ್ತಾತು."

"ಅಲ್ರೀ, ಮುಂದಿನ ಹಲ್ಲು..."

"ಹಲ್ಲಿಲ್ಲ. ಅದೂ ಗೊತ್ತಾತು. ಮುದುಕ್ಯಾರ ಕೋಣಿ ಆ ಕಡೆ ಐತಿ, ನಡಿ."

ಆಕೆ ಹೋದಳು. ಅಲ್ಲಿ ಹನ್ನೊಂದು ಜನ ಮುದುಕಿಯರು, ಒಬ್ಬರಿಗೂ ಹಲ್ಲಿಲ್ಲ. ಅವರಲ್ಲೊಬ್ಬಳು "ಬಂದೇನ ಸೊಸಿ, ಎಲಿಅಡಕಿ ತಂದೀಯೇನ?" ಅಂತ ಆಕೆಯ ಕೈಯನ್ನೇ ಹಿಡಿದುಕೊಂಡಳು. ಬಿಡಿಸಿಕೊಂಡು ವಾಪಸು ಬಂದು, ಪಡಸಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. "ಅಲ್ಲೂ ಇಲ್ರೀ ನಮ್ಮತ್ತಿ. ನಾಕು ಊರು ತಿರಿಗಿದೆ. ಎಲ್ಲಾರೂ ಮುದುಕ್ಯಾರನ್ನ ತೋರಸ್ತಾರ."

ಆಗ ರಿಜಿಸ್ಟರ್ ಅಕ್ಕ ಕುರ್ಚಿ ಬಿಟ್ಟು ಎದ್ದಳು. ಹೊರಗಿನವರು ಬಂದಾಗ ಆಕೆ ಎದ್ದು ನಿಂತದ್ದು ಅದೇ ಮೊದಲು. ಹತ್ತಿರ ಹೋಗಿ ಕುಳಿತು ಮೆಲ್ಲಗೆ ಕೇಳಿದಳು, "ನಿಮ್ಮತ್ತಿಗೆ ವಯಸ್ಸೆಷ್ಟವ್ವ?"

"ಏಳ್ರೀ."

"ಎಪ್ಪತ್ತಾ?" ಅಂದ ಸಾವುಕಾರ.

"ಏಳ್ರೀ ಯಣ್ಣಾ. ಆಕಿ ನನ್ನ ಮಗಳು. ನಮ್ಮತ್ತಿ ಹೆಸರು ಇಟ್ಟಾರ. ಅತ್ತಿ ಹೆಸರ ಸೊಸಿ ಬಾಯಾಗ ಹೆಂಗ ತರಲಿ? ಅದಕ್ಕ ಮಗಳಿಗೂ ಅತ್ತಿ ಅಂತೀನ್ರಿ."

ಅಕ್ಕ ರಿಜಿಸ್ಟರಿನ ಹಾಳೆಯನ್ನು ಸಾವುಕಾರನ ಮುಂದೆ ಹಿಡಿದಳು. ಮನೆಯಲ್ಲಿ ಕರೆಯುವ ಹೆಸರು ಅನ್ನುವ ಕಡೆ ಎರಡೇ ಅಕ್ಷರ ಇದ್ದವು. ಅತ್ತಿ.

ಒಳಗಿನಿಂದ "ಯವ್ವಾ" ಅಂತ ದನಿ ಬಂತು. ಮಗು ಓಡಿಬಂದು ತಾಯಿಯ ಕೊರಳಿಗೆ ಬಿತ್ತು. ತಾಯಿ ಅಳುತ್ತಲೇ ಬೈದಳು, "ಕೈ ಬಿಡಬ್ಯಾಡ ಅಂದಿದ್ದಿಲ್ಲೇನ ಅತ್ತಿ?" ಮಗು ಅಳುತ್ತಲೇ ಹೇಳಿತು, "ನೀನ ಬಿಟ್ಟಿ." ನೋಡಿ, ಅತ್ತೆಯ ಹೆಸರು ಸುಮ್ಮನೆ ಬಂದಿರಲಿಲ್ಲ. ತಾಯಿ ಸಿಕ್ಕಳು ಅಂತ ಅಕ್ಕ ನಿಯಮ ಬಿಟ್ಟಳೇ? ಇಲ್ಲ. ಅಧಿಕಾರಿಗಳು ಬಂದು ವಿಚಾರಿಸಿ ಬರೆದುಕೊಳ್ಳುವವರೆಗೆ ತಾಯಿಯನ್ನೂ ಆ ಕೋಣೆಯಲ್ಲೇ ಮಗುವಿನ ಪಕ್ಕ ಮಲಗಿಸಿದಳು.

ಇತ್ತ ನಮ್ಮ ಸಾವುಕಾರ ಜೀವಮಾನದಲ್ಲಿ ಮೊದಲ ಸಲ ನಿಧಾನವಾಗಿ ಯೋಚನೆ ಮಾಡುತ್ತಿದ್ದ. ಹುಡುಗಿಗೆ ಅಜ್ಜಿಯ ಹೆಸರು. ಅಜ್ಜಿ ಅಂದರೆ ಈ ಕಾಕಾನ ತಾಯಿ. "ಏನಪಾ, ನಿಮ್ಮವ್ವನ ಹೆಸರೇನು?" ಅಂತ ತಿರುಗಿದ. ಯಾರಿದ್ದಾರೆ? ಗೇಟಿನ ಹತ್ತಿರ ಹೊಸ ಚಪ್ಪಲಿ ಮಾತ್ರ ಇದ್ದವು.

ಎಲ್ಲಿಗೆ ಒಯ್ಯುತ್ತಿದ್ದ ಆ ಮಗುವನ್ನು? ಭಿಕ್ಷೆ ಬೇಡಿಸಲಿಕ್ಕೋ, ಯಾರದೋ ಮನೆಯ ಮುಸುರೆ ತಿಕ್ಕಿಸಲಿಕ್ಕೋ, ಬಾಯಿಬಿಟ್ಟು ಹೇಳಬಾರದ ಜಾಗಕ್ಕೋ.

ಸಾವುಕಾರ ಬೆವರೊರೆಸಿಕೊಂಡು ಬಾಗಿಲಿಗೆ ಬಂದ. "ಯವ್ವಾ, ಈಗ ಹೇಳು. ನಾ ಏನಾಗಬೇಕು?"

ಅಕ್ಕ ಕುರ್ಚಿ ತೋರಿಸಿದಳು. "ಇಲ್ಲಿ ಕುಂದರ್ರಿ. ನಾ ಎರಡು ತುತ್ತು ಉಂಡು ಬರ್ತೀನಿ. ಯಾರನ್ನೂ ಬಿಡಬ್ಯಾಡ್ರಿ."

ಕುಳಿತ ನೋಡಿ ಸಾವುಕಾರ. ಆ ಮಗುವಿನ ತಲೆ ಮುಟ್ಟಿ ಹರಸೋಣ ಅಂತ ಕಾವಿಯವನು ಒಳಗೆ ಹೊರಟಿದ್ದ. ಸಾವುಕಾರ ಕಾಲು ಅಡ್ಡ ಹಾಕಿದ. "ಅಜ್ಜಾರ, ಮೊದಲು ಸಹಿ ಮಾಡ್ರಿ." ಕಾವಿಯವನು ಸಹಿ ಮಾಡಿದ. ಯಾಕೆ ಬಂದಿರಿ ಅನ್ನುವ ಕಡೆ ಏನು ಬರೆಯಬೇಕೋ ತೋಚದೆ ತುಂಬ ಹೊತ್ತು ಪೆನ್ನು ಹಿಡಿದು ನಿಂತ.

ನಗುತ್ತಿದ್ದೀರಿ. ನಗಿ. ಆ ಕಾವಿಯವನು ಈಗ ನಿಮ್ಮ ಮುಂದೆ ಕುಳಿತು ಪ್ರವಚನ ಹೇಳುತ್ತಿದ್ದಾನೆ. ಕಳಸವ್ವ ಅಂದವನು ನಾನೇ. ಮಗು ಗೊತ್ತಿಲ್ಲ ಅಂದದ್ದನ್ನು ಈ ಕಿವಿಯಿಂದ ಕೇಳಿಯೂ ಹಾಗೆ ಅಂದೆ. ನನಗೆ ಸಾವುಕಾರನ ಮಾತು ದೊಡ್ಡದಾಗಿ ಕೇಳಿಸಿತ್ತು, ಮಗುವಿನ ಮಾತು ಸಣ್ಣದಾಗಿ ಕೇಳಿಸಿತ್ತು.

ಇನ್ನು ನಿಮ್ಮ ಸರದಿ. ಆ ಫೋಟೋ ನಿಮ್ಮ ಮೊಬೈಲಿಗೂ ಬಂದಿತ್ತಲ್ಲವೇ? ಪಾಪ ಅಂತ ಎಷ್ಟು ಜನ ಮುಂದಕ್ಕೆ ಕಳಿಸಿದಿರಿ? ಕೈ ಎತ್ತಬೇಡಿ, ನನಗೆ ಗೊತ್ತು. ಇವತ್ತು ಮನೆಗೆ ಹೋದಮೇಲೆ ಮೊಬೈಲು ತೆಗೆಯಿರಿ. ಕಷ್ಟದಲ್ಲಿರುವ ಯಾವುದೇ ಮಗುವಿನ ಮುಖ ಅದರಲ್ಲಿದ್ದರೆ ಅಳಿಸಿ. ಮುಂದೆ ಅಂಥ ಮಗು ಕಣ್ಣಿಗೆ ಬಿದ್ದರೆ ಫೋಟೋ ತೆಗೆಯಬೇಡಿ, ಒಂದು ಸೊನ್ನೆ ಒಂಬತ್ತು ಎಂಟು ಒತ್ತಿ ಮಕ್ಕಳ ಸಹಾಯವಾಣಿಗೆ ಹೇಳಿ, ಅವರು ಬರುವವರೆಗೆ ಹತ್ತಿರವೇ ನಿಲ್ಲಿ. ಮಗು ಒಬ್ಬರನ್ನು ಕಂಡು ಗೊತ್ತಿಲ್ಲ ಅಂದರೆ, ಹೋಗುವುದಿಲ್ಲ ಅಂದರೆ, ಆ ಮಾತು ಮುಗಿಯುವವರೆಗೆ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ದಾನ ಕೊಡುವವರು ಅಕ್ಕಿಯ ಜೊತೆಗೆ ಬಾಗಿಲಲ್ಲಿ ಕೂಡುವ ಅಕ್ಕನ ಊಟಕ್ಕೂ ಕೊಡಿ. ಆಕೆ ನಿಮ್ಮನ್ನು ತಡೆದರೆ ಸಿಟ್ಟಾಗಬೇಡಿ, ನಿಮ್ಮನ್ನು ತಡೆದವಳು ಬಿಳಿ ಅಂಗಿಯವನನ್ನೂ ತಡೆಯುತ್ತಾಳೆ.

ಏನು ತಾಯಿ, ಮುಂದಿನ ಸಾಲಿನಲ್ಲಿ ಆಗಿನಿಂದ ಚಡಪಡಿಸುತ್ತಿದ್ದೀರಿ? ಜೋರಾಗಿ ಹೇಳಿ. ಏನು? ಆ ಹುಡುಗಿಯ ಹೆಸರೇನು, ಯಾವ ಊರಿನವಳು ಅಂತ ಕೇಳುತ್ತೀರಾ?

ನೀವು ಆ ಮಗುವಿಗೆ ಏನಾಗಬೇಕ್ರಿ?