ಪೈರು ತುಳಿಯದ ಅಳಿಯ

ಹಲೋ… ಹಲೋ, ಯಾರ್ರೀ ಅದು?… ಯಾರು ಅಂತ ಕೇಳ್ದೆ. ನಂಬರ್ ನೋಡಿದ್ರೆ ನಮ್ ದೇಶದ್ದಲ್ಲ. ನೋಡಪ್ಪಾ, ಮೊದ್ಲೇ ಹೇಳ್ಬಿಡ್ತೀನಿ. ಓಟಿಪಿ ಕೊಡಲ್ಲ, ಆಧಾರ್ ನಂಬರ್ ಕೊಡಲ್ಲ, ಲಾಟ್ರಿ ಹೊಡೆದಿದ್ರೆ ನೀನೇ ಇಟ್ಕೋ.

… ಚಂದ್ರುನಾ? ಯಾವ ಚಂದ್ರು?… ಅಯ್ಯೋ, ನನ್ ಬಾಯಿಗಿಷ್ಟು ಮಣ್ಣಾಕ! ಅಳಿಯಂದ್ರಾ! ಇಂಗ್ಲೆಂಡಿಂದಾನಾ? ಬೇಜಾರ್ ಮಾಡ್ಕೋಬೇಡಿ, ಈಗೀಗ ದಿನಾ ಒಬ್ಬ ಕಳ್ಳ ಫೋನ್ ಮಾಡ್ತಾನೆ. ರೀ, ಟೀವಿ ಸೌಂಡ್ ಕಮ್ಮಿ ಮಾಡಿ, ಅಳಿಯಂದ್ರು ಫೋನು! ನಿಮ್ಮ ಮಾವ ಇಲ್ಲೇ ಕಾಫಿ ಕುಡೀತಾ ಕೂತವ್ರೆ. ಊಟ ಆಯ್ತಾ? ಕಾವ್ಯ ಚೆನ್ನಾಗವ್ಳಾ? ಅವ್ಳಿಗೆ ಕೊಡಿ ಫೋನು.

… ಕೊಡಕ್ಕಾಗಲ್ವಾ? ಯಾಕೆ?… ಕಣ್ಣಿಗೆ ಕಾಣಿಸ್ತಾಳೆ, ಆದ್ರೆ ಫೋನ್ ಕೊಡಕ್ಕಾಗಲ್ಲ. ಇದೇನ್ ಮಾತು ಅಂತ ಆಡ್ತೀರಾ?

… ಹೊಲದ ಆ ಕಡೆ ಅವ್ಳು. ಈ ಕಡೆ ನೀವು. ಮಧ್ಯದಲ್ಲಿ ಗೋಧಿ. ಹಾಂ. ಹಂಗಾದ್ರೆ ಇದು ಯಾರ ಫೋನು?… ಹೊಲದ ಯಜಮಾನಂದು. ನಿಮ್ಮ ಫೋನು ಅವ್ಳ ಬ್ಯಾಗಲ್ಲಿ. ಸರಿ, ಅವ್ಳಿಗೇ ಮಾಡ್ಬೋದಿತ್ತಲ್ಲ?… ಹೆಂಡ್ತಿ ನಂಬರ್ ಬಾಯಿಗೆ ಬರಲ್ಲ, ಅತ್ತೆ ನಂಬರ್ ಬರುತ್ತಾ?… ಹೂಂ ಹೂಂ, ಮದ್ವೆಗೆ ಮುಂಚೆ ಇದೇ ನಂಬರಿಗೆ ಮಾಡಿ, ಕಾವ್ಯಶ್ರೀ ಇದಾರಾ ಅಂತ ಕೇಳ್ತಿದ್ರಿ. ಇಲ್ಲ ಅಂತ ನಾನೇ ಇಡ್ತಿದ್ದೆ. ನೆನಪದೆ ಬುಡಿ.

… ಅದ್ಸರಿ, ಹೊಲದ ಮಧ್ಯೆ ಯಾಕೆ ದಾರಿ?… ಬೋರ್ಡ್ ಬೇರೆ ಹಾಕವ್ರಾ? ಬಾಣದ ಗುರುತು ಹಾಕಿ, ಹಿಂಗೇ ಒಳಗೆ ಹೋಗಿ ಅಂತ? ಯಾರೋ ಉತ್ತು ಯಾರೋ ಬಿತ್ತಿದ್ದು, ಊರೋರೆಲ್ಲ ನಡ್ಕೊಂಡು ಹೋಗ್ಬೋದಾ? ಏನ್ ದೇಶಾನಪ್ಪಾ ಅದು. ನಮ್ ಹೊಲಕ್ಕೆ ಯಾರಾದ್ರು ಬಾಣ ಬರೀಲಿ, ಕೈ ಮುರಿದು ಕೊಡ್ತೀನಿ.

… ದಾರೀನೂ ಕಾಣ್ತಿಲ್ವಾ? ಮಳೆಗೆ ಪೈರು ಬಾಗಿ ಮುಚ್ಕೊಂಡ್ಬಿಟ್ಟದೆ. ಕಾಲಿಟ್ರೆ ತೆನೆ ಮೇಲೇನೇ. ಕಾಳು ಕಟ್ಟಿರೋ ತೆನೆ!… ಅಯ್ಯಯ್ಯೋ, ಬೇಡ ಬೇಡ. ಸರಿಯಾಗೇ ಮಾಡಿದ್ರಿ ಅಳಿಯಂದ್ರೆ. ತೆನೆ ತುಳಿಯೋದೂ ಒಂದೇ, ಅನ್ನದ ತಟ್ಟೆ ತುಳಿಯೋದೂ ಒಂದೇ. ನಿಮ್ಮನ್ನ ನಾನು ಒಪ್ಪಿದ್ದೇ ಅದಕ್ಕೆ. ಹೆಣ್ಣು ನೋಡೋಕೆ ಬಂದಾಗ ಅಂಗಳದಲ್ಲಿ ಭತ್ತ ಒಣಗಾಕಿದ್ವಿ. ನಿಮ್ ಕಡೆಯೋರೆಲ್ಲ ದಾಟ್ಕೊಂಡು ಬಂದ್ರು, ನೀವೊಬ್ರೇ ಸುತ್ತಾಕ್ಕೊಂಡು ಹಿತ್ಲ ಬಾಗಿಲಿಂದ ಬಂದ್ರಿ. ಹುಡುಗ ಇವನೇ ಆಗ್ಲಿ ಅಂತ ಅವತ್ತೇ ಹೇಳಿದ್ದೆ.

… ಅದೇ ಜಗಳನಾ? ನಡೆಯೋ ಟೂರ್ ಹೊರಟಾಗಿಂದ್ಲೂನಾ?… ಹೊಲ ಬಂದಾಗೆಲ್ಲ ಅವ್ಳು ನೆಟ್ಟಗೆ ಹೋಗ್ತಾಳೆ, ನೀವು ಬೇಲಿ ಹಿಡ್ಕೊಂಡು ಸುತ್ತಿ ಬರ್ತೀರಾ. ಅವ್ಳು ಆ ಕಡೆ ಕಾಯ್ತಾ ಕೂರ್ತಾಳೆ. ಹೋಟ್ಲು ಸೇರೋ ಹೊತ್ಗೆ ಅಡಿಗೆ ಮನೆ ಮುಚ್ಚಿರುತ್ತೆ. ಆಮೇಲೆ ಏನ್ ತಿಂತೀರಾ?… ಬಿಸ್ಕತ್ತಾ? ದಿನಾನಾ?

… ರೀ, ನೀವು ಸ್ವಲ್ಪ ಸುಮ್ನಿರಿ. ಏನಿಲ್ಲ, ನಿಮ್ಮ ಮಾವ ಅಂತವ್ರೆ, ನಡೆಯೋಕೆ ಅಂತ ಇಂಗ್ಲೆಂಡಿಗೆ ಯಾಕೆ ಹೋಗ್ಬೇಕಿತ್ತು, ಮಾಕುಟ್ಟದಲ್ಲಿ ಕಾಡಿರ್ಲಿಲ್ವಾ ಅಂತ. ಅಲ್ಲಾಗಿದ್ರೆ ಆನೆ ಅಟ್ಟಿಸ್ಕೊಂಡು ಬರೋದು, ಊಟದ ಹೊತ್ತಿಗೆ ಮನೇಲಿರ್ತಿದ್ರಂತೆ. ಅವ್ರ ಮಾತು ಬುಡಿ. ಈ ಹೊಲಾನೂ ಸುತ್ತಿ ಹೋಗಿ ಮತ್ತೆ, ಇಷ್ಟು ದಿನ ಸುತ್ತಿಲ್ವಾ?

… ಇದು ಸುತ್ತಕ್ಕಾಗಲ್ವಾ? ಒಂದ್ಕಡೆ ಮುಳ್ಳು ಬೇಲಿ, ಒಂದ್ಕಡೆ ಕೆಸರು. ರಸ್ತೆಗೆ ಬಿದ್ದು ಬಂದ್ರೆ ಸಾಯಂಕಾಲ ಆಗುತ್ತೆ. ಇವತ್ತು ಸಮುದ್ರಕ್ಕೆ ಹೋಗ್ಬೇಕಿತ್ತಾ? ಸಾಯಂಕಾಲ ಆದ್ರೆ ಆಗ್ಲಿ, ಸಮುದ್ರ ಎಲ್ಲಿಗೆ ಓಡೋಗುತ್ತೆ?… ಬರುತ್ತಾ? ಸಮುದ್ರ ಬರುತ್ತೆ ಅಂದ್ರೇನು?

… ನಿಧಾನಕ್ಕೆ ಹೇಳಿ, ಗಾಬರಿ ಆಗ್ತದೆ. ಇವತ್ತು ಉಳ್ಕೊಳೋ ಮನೆ ದ್ವೀಪದಲ್ಲಿ. ನೀರು ಇಳಿದಾಗ ಮರಳ ಮೇಲೆ ನಡ್ಕೊಂಡು ಹೋಗ್ಬೇಕು. ಆಮೇಲೆ ನೀರು ಏರಿ ದಾರಿ ಮುಚ್ಚೋಗುತ್ತೆ. ಹಾರಂಗಿ ಡ್ಯಾಮ್ ಗೇಟ್ ತೆಗೆದಂಗಾ?… ಯಾರೂ ತೆಗೀದೇನೆ, ತಾನಾಗೇ? ದಿನಾ ಎರಡು ಸಲ? ದೇವ್ರೇ! ಹಂಗಾದ್ರೆ ಇನ್ನೂ ನಿಂತ್ಕೊಂಡು ಮಾತಾಡ್ತಿದೀರಲ್ಲ! ಅವ್ಳಾದ್ರೂ ವಾಪಸ್ ಬರ್ಬಾರ್ದಾ?

… ಹೊಲಕ್ಕೆ ಇಳಿಯೋ ಮುಂಚೆ ಏನಂದ್ಳು?… ಅತ್ತೆ ಅಂತ ಮುಚ್ಚಿಡಬೇಡಿ, ಅವ್ಳು ಅಂದಂಗೇ ಹೇಳಿ.

… ಹೊಲ ದಾಟಿ ಬಂದ್ರೆ ಇಬ್ರೂ ಒಟ್ಟಿಗೆ ಸಮುದ್ರಕ್ಕೆ. ಇಲ್ಲಾಂದ್ರೆ ನಾನೊಬ್ಳೇ ಹೋಗ್ತೀನಿ, ನಾಳೆ ಫ್ಲೈಟ್ ಹತ್ತಿ ಅಮ್ಮನ ಮನೆ ಸೇರ್ತೀನಿ. ಹಂಗಂದ್ಳಾ?… ಕೂಗಾಡ್ಕೊಂಡಾ?… ಅತ್ಕೊಂಡು ಅಂದ್ಳಾ?

ಅಳಿಯಂದ್ರೆ, ಇಲ್ಕೇಳಿ. ನನ್ ಮಗ್ಳಿಗೆ ಕೋಪ ಬಂದ್ರೆ ಹೆಬ್ಬಾಲೆ ಊರಿಗೆಲ್ಲ ಕೇಳೋ ಹಂಗೆ ಕೂಗ್ತಾಳೆ. ಅತ್ಕೊಂಡು ಹೇಳಿದ್ಳು ಅಂದ್ರೆ ಅದು ಕೋಪ ಅಲ್ಲ. ಮದ್ವೆ ಆದಾಗಿಂದ ನೋಡ್ತಿದೀನಿ. ಶುಂಠಿ ನಾಟಿ ಅಂತೀರಿ, ಶುಂಠಿಗೆ ಕೊಳೆ ರೋಗ ಅಂತೀರಿ, ಕರೆಂಟ್ ಬಂತು ಮೋಟ್ರು ಹಾಕ್ಬೇಕು ಅಂತ ಓಡ್ತೀರಿ. ಸಂಜೆ ಹೊಳೆ ತನಕ ಒಂದ್ಸಲ ಜೊತೇಲಿ ಹೋಗಿದ್ದುಂಟಾ? ಅದಕ್ಕೇ ನಡೆಯೋ ಟೂರೇ ಬೇಕು ಅಂತ ಹಠ ಹಿಡಿದ್ಳು. ಬಸ್ಸಲ್ಲಾದ್ರೆ ನೀವು ಗೊರಕೆ ಹೊಡೀತೀರಾ ಅಂತ ಗೊತ್ತವ್ಳಿಗೆ. ಅಷ್ಟು ದೂರ ಹೋಗಿ ಅಲ್ಲೂ ಒಬ್ಳೇ ನಡೀತವ್ಳೆ ಪಾಪ.

… ಇಲ್ಲ, ನಂಗೆ ಗೊತ್ತು ಅದು. ನಿಮ್ಮ ಮಾವ ಮುಂದೆ ಮುಂದೆ, ನಾನು ಹಿಂದೆ ಹಿಂದೆ. ಮದ್ವೆಗೆ ಹೋಗ್ಲಿ, ತಿಥಿಗೆ ಹೋಗ್ಲಿ, ನಾನು ಕಂಡಿದ್ದು ಅವ್ರ ಬೆನ್ನು ಮಾತ್ರ. ಬೆನ್ನಿನ ಹತ್ರ ಮಾತಾಡಿ ಮಾತಾಡಿ ಸಾಕಾಗೋಯ್ತು… ಕೇಳಿಸ್ಲಿ ಅಂತಾನೇ ಹೇಳ್ತಿರೋದು ರೀ! ನನ್ ಮಗ್ಳಿಗೆ ಹಂಗಾಗೋದು ನಂಗಿಷ್ಟ ಇಲ್ಲ.

… ಯಜಮಾನ್ರು ಅಲ್ಲೇ ನಿಂತವ್ರಾ? ಅವ್ರಿಗೆ ಕೊಡಿ ಫೋನು. ಕೊಡಿ ಅಂದೆ. ನಾನು ಮದ್ವೆಯಾದ ಹೊಸದ್ರಲ್ಲಿ ಮಾದಾಪುರದ ಎಸ್ಟೇಟಲ್ಲಿದ್ದೋಳು, ನಿಮ್ಮ ಮಾವ ಅಲ್ಲಿ ಲೆಕ್ಕ ಬರೆಯೋ ರೈಟರ್. ನಂಗೆ ಇಂಗ್ಲಿಷ್ ಬರುತ್ತೆ.

… ಹಲೋ ಸಾರ್. ಗುಡ್ ಮಾರ್ನಿಂಗ್ ಸಾರ್. ಐ ಮದರ್ ಇನ್ ಲಾ. ಸಿದ್ದಮ್ಮ. ಇಂಡಿಯಾ, ಕೂರ್ಗ್. ದಟ್ ಬಾಯ್ ವೆರಿ ಗುಡ್ ಬಾಯ್. ಪ್ಯಾಡಿ, ನೋ ಲೆಗ್. ವೀಟ್, ನೋ ಲೆಗ್… ಯೆಸ್ ಸಾರ್, ಮ್ಯಾಡ್. ಲಿಟ್ಲ್ ಮ್ಯಾಡ್… ಸಾರ್, ಯುವರ್ ಫೀಲ್ಡ್, ಎಲಿಫೆಂಟ್ ಕಮ್?… ನೋ? ನಾಟ್ ಒನ್? ರೀ, ಅವ್ರಿಗೆ ಆನೆ ಕಾಟಾನೇ ಇಲ್ವಂತೆ! ಪಿಗ್, ಸಾರ್?… ಹಂದೀನೂ ಇಲ್ಲ. ಬರೀ ಪಾರಿವಾಳ ಬರ್ತದಂತೆ. ಪುಣ್ಯವಂತ್ರು.

… ಸಾರ್, ಯುವರ್ ಪರ್ಮಿಷನ್. ಹಿ ಗೋ, ಯುವರ್ ವೀಟ್ ಇನ್‌ಸೈಡ್. ಯೂ ನೋ ಸ್ಯಾಡ್?… ಸ್ಲೋ ಸ್ಲೋ ಸಾರ್. ರೀ, ಬನ್ನಿ ಇಲ್ಲಿ, ಸ್ಪೀಕರ್ ಹಾಕ್ತೀನಿ, ನಂಗೆ ಅರ್ಧ ಅರ್ಥ ಆಗ್ತಿಲ್ಲ… ಏನಂತೆ?… ಅವ್ರ ತಾತನ ಕಾಲದಿಂದ ಜನ ಓಡಾಡ್ತವ್ರಂತಾ? ನಿಂತು ಪರ್ಮಿಷನ್ ಕೇಳಿದ್ದು ನಮ್ ಅಳಿಯ ಒಬ್ರೇ ಅಂತಾ? ಹಂಗೆಲ್ಲ ನಗ್ಬೇಡಿ ಸಾರ್, ಅವ್ರಿಗೆ ನಾಚಿಕೆ ಆಗುತ್ತೆ. ಗಿವ್ ಫೋನ್, ಗಿವ್ ಫೋನ್.

… ಅಳಿಯಂದ್ರಾ? ಕೇಳಿದ್ರಲ್ಲ? ಹೊಲದ ಒಡೆಯನೇ ಒಪ್ಪಿದ ಮೇಲೆ ಇನ್ನೇನು, ಹೊರಡಿ… ಆದ್ರೂ ಕಾಲು ಬರ್ತಿಲ್ವಾ? ನೋಡಿ, ಅಳಿಯ ಅಂತ ಮರ್ಯಾದೆ ಕೊಡ್ತಿದೀನಿ. ನನ್ ಮಗನಾಗಿದ್ದಿದ್ರೆ ಇಷ್ಟು ಹೊತ್ಗೆ ಪೊರಕೆ ಹುಡುಕ್ತಿದ್ದೆ.

… ಅಯ್ಯೋ, ಇಲ್ಲ ಇಲ್ಲ, ಬೈದಿದ್ದಲ್ಲ. ನಿಮ್ಮ ಸಂಕಟ ನಂಗರ್ಥ ಆಗುತ್ತೆ. ನಂಗೂ ಕಾಲೆತ್ತಕ್ಕಾಗ್ತಿರ್ಲಿಲ್ಲ ಬುಡಿ, ಅದೂ ಶೂ ಹಾಕ್ಕೊಂಡು. ತಡೀರಿ, ತಡೀರಿ. ಶೂ ಯಾಕೆ ಹಾಕ್ಕೊಂಡಿದೀರಾ? ಕಳೆ ಕೀಳೋರು ಪೈರೊಳಗೆ ಹೋಗಲ್ವಾ? ನಾನು ಜನ್ಮೆಲ್ಲ ಹೋಗಿಲ್ವಾ? ಒಂದು ಕಡ್ಡಿ ಮುರೀತೀವಾ? ಬಿಚ್ಚಿ ಶೂನ. ಹಾಂ, ಸಾಕ್ಸೂನೂ. ಪ್ಯಾಂಟು ಮೇಲಕ್ಕೆ ಮಡಚಿ. ಬಗ್ಗಿ, ಕೈಯಲ್ಲಿ ತೆನೆ ಆ ಕಡೆ ಈ ಕಡೆ ಸರಿಸಿ, ಬುಡದಲ್ಲಿ ಮಣ್ಣು ಸಿಕ್ಕೋ ಕಡೆ ಪಾದ ಇಡಿ. ಮೊದ್ಲು ಮಣ್ಣು ಮುಟ್ಟಿ ಕಣ್ಣಿಗೊತ್ಕೊಳಿ. ಇಂಗ್ಲೆಂಡಾದ್ರೇನು, ಅನ್ನ ಕೊಡೋ ಮಣ್ಣು ತಾನೆ? ಫೋನ್ ಯಜಮಾನ್ರ ಕೈಗೆ ಕೊಟ್ಟು ಹೊರಡಿ ನೀವು.

… ಸಾರ್? ಹಿ ಗೋಯಿಂಗ್?… ಗೋಯಿಂಗ್! ರೀ, ಹೊರಟ! ಶೂ ವೇರ್, ಸಾರ್?… ನೆಕ್ಕಾ? ಲೇಸ್ ಗಂಟು ಹಾಕಿ ಕೊರಳಿಗೆ ನೇತಾಕ್ಕೊಂಡವ್ನಂತೆ. ಆಗ್ಲಿ, ಆಗ್ಲಿ.

… ಹಾಂ? ಸ್ಟಾಪ್? ವೈ ಸ್ಟಾಪ್?… ಪುಲ್ಲಿಂಗ್? ವಾಟ್ ಪುಲ್ಲಿಂಗ್?… ರೀ, ವೈಲ್ಡ್ ಓಟ್ಸ್ ಅಂದ್ರೇನ್ರೀ?… ಗೋಧೀಲಿ ಬರೋ ಕಳೆನಾ? ಅಯ್ಯೋ ನನ್ ಕರ್ಮವೇ! ಬಗ್ಗಿದ ಮೇಲೆ ಆ ಕೈ ಸುಮ್ನಿರಲ್ಲ ನೋಡಿ, ಕಳೆ ಕೀಳ್ತಾ ನಿಂತ್ಬಿಟ್ನಲ್ಲ! ಸಾರ್, ಯೂ ಶೌಟ್! ನೋ ಪುಲ್ಲಿಂಗ್! ಸೀ ವಾಟರ್ ಕಮಿಂಗ್!

… ಕಂತೆ ಕಟ್ಟಿ ಕಂಕುಳಲ್ಲಿ ಇಟ್ಕೊಂಡವ್ನಾ? ನೀವ್ಯಾಕ್ ಸಾರ್ ಥ್ಯಾಂಕ್ಯೂ ಹೇಳ್ತೀರಾ, ನಿಮ್ಗೆ ನಿಮ್ ಹೊಲ, ನನ್ ಮಗ್ಳ ಸಂಸಾರ ಅಲ್ಲಿ ತೂಗಾಡ್ತಾ ಅದೆ… ಗರ್ಲ್? ವಾಟ್ ಗರ್ಲ್ ಡೂಯಿಂಗ್?… ಸ್ಟ್ಯಾಂಡಿಂಗ್. ಆಮೇಲೆ?… ಲುಕಿಂಗ್. ಕ್ರೈಯಿಂಗ್ ಆರ್ ಲಾಫಿಂಗ್, ಸಾರ್?… ಬೋತಾ? ಎರಡೂನಾ?

… ಶಿ ಆಲ್ಸೋ ಶೂ ರಿಮೂವ್? ರೀ, ಅವ್ಳೂ ಶೂ ಬಿಚ್ಚಿದ್ಳಂತೆ! ಆ ಕಡೆಯಿಂದ ಇಳಿದ್ಳಂತೆ ರೀ!… ಶಿ ಆಲ್ಸೋ ಪುಲ್ಲಿಂಗ್?… ಯೆಸ್ ಸಾರ್, ಮೈ ಡಾಟರ್. ಫಾಸ್ಟ್, ನೋ? ಶಿ ಫಾಸ್ಟರ್ ದ್ಯಾನ್ ಹಿಮ್. ನಾನೇ ಕಲಿಸಿದ್ದು.

… ಟ್ರಾಕ್ಟರ್? ಯೂ ಡ್ರಾಪ್, ಸೀ ತನಕ?… ಒಂದ್ ನಿಮಿಷ ಸಾರ್. ವಾಕಿಂಗ್, ಟೈಮ್ ದೇರ್?… ಒನ್ ಅವರ್? ಎನಫಾ? ದೆನ್ ನೋ ಟ್ರಾಕ್ಟರ್ ಸಾರ್. ಥ್ಯಾಂಕ್ಯೂ, ನೋ ಟ್ರಾಕ್ಟರ್. ವಾಕಿಂಗ್. ಟುಗೆದರ್ ವಾಕಿಂಗ್. ಇದನ್ನ ನಿಮ್ಗೆ ಇಂಗ್ಲಿಷಲ್ಲಿ ಹೆಂಗೆ ಹೇಳ್ಲಿ… ಅವ್ರಿಬ್ರೂ ನಡೀಲಿ ಬುಡಿ ಸಾರ್, ಎಷ್ಟೋ ವರ್ಷ ಆಯ್ತು.

… ಸಾರ್? ಏನಾಯ್ತು? ಎನಿ ಪ್ರಾಬ್ಲಮ್?… ಮೀಟಿಂಗ್? ಮಿಡ್ಲ್ ಆಫ್ ಫೀಲ್ಡ್?… ಆಂ? ಹಗ್ಗಿಂಗಾ? ಅಲ್ಲೇ, ಹೊಲದೊಳಗೇನಾ? ಅಯ್ಯೋ ಶಿವನೇ. ಸಾರ್, ಯೂ ಟರ್ನ್. ಯುವರ್ ಫೇಸ್ ದಟ್ ಸೈಡ್. ನೋ ಲುಕಿಂಗ್. ರೀ, ನೀವೂ ಆ ಕಡೆ ತಿರುಕ್ಕಳಿ… ಫೋನಲ್ಲಿ ಏನೂ ಕಾಣಲ್ಲ ಅಂತ ನಂಗೂ ಗೊತ್ತು, ಆದ್ರೂ ತಿರುಕ್ಕಳಿ… ನಾನೇನ್ ಅಳ್ತಿಲ್ಲ, ನೀವು ಸುಮ್ನೆ ತಿರುಗ್ರೀ ಅಂದ್ರೆ… ಹಲೋ ಸಾರ್, ತಿರುಗಿದ್ರಾ? ತಿರುಗಿದ್ರಾ ಸಾರ್?… ಹಲೋ?…