ಗೋಡೆಗೆ ನಡೆದವನು

ಇದು ಕಟ್ಟಿದ ಕಥೆಯಲ್ಲ. ನಮ್ಮೂರು ಕೆಮಿಯಲ್ಲಿ ನನ್ನ ಪಕ್ಕದ ಮನೆಯ ಕೆರ್ತು ಇದ್ದಾಳಲ್ಲ, ಅವಳ ಮಗ ಇಲ್ಮೋಗೆ ಆದದ್ದು. ಕೀಬೋರ್ಡ್ ಕಂಪನಿಯವರು ಸುಳ್ಳು ಅಂತಾರೆ. ಅವರು ಇನ್ನೇನು ಅಂದಾರು?

ಡಿಸೆಂಬರ್ ತಿಂಗಳು. ಮಧ್ಯಾಹ್ನ ಮೂರಕ್ಕೇ ಕಗ್ಗತ್ತಲು. ಮುಚ್ಚಿಹೋದ ಕಾಗದದ ಗಿರಣಿಯ ಹಿಂದೆ ಹಳೇ ಬಾವಿ ಇದೆ. ಬಾಯಿಗೆ ಹಲಗೆ, ಹಲಗೆಯ ಮೇಲೆ ಮೊಳದೆತ್ತರ ಹಿಮ. ಅದನ್ನು ದಾಟಿ ಇಲ್ಮೋ ಮನೆಗೆ ನಡೆಯುತ್ತಿದ್ದ. ಕಂಕುಳಲ್ಲಿ ಹೊಸ ಕೀಬೋರ್ಡಿನ ಡಬ್ಬಿ. ಬೂಟಿನಡಿ ಹಿಮ ಕರಕ್... ಕರಕ್... ಅನ್ನುತ್ತಿತ್ತು.

ನಡುವೆ ಇನ್ನೊಂದು ಸದ್ದು. ಟಕ್.

ನಿಂತ. ಹಿಮದ ಸದ್ದೂ ನಿಂತಿತು. ಟಕ್... ಡಬ್ಬಿಯೊಳಗಿಂದ.

ಯಾವುದೋ ಕೀ ಸಡಿಲವಾಗಿರಬೇಕು ಅಂದುಕೊಂಡ. ಆದರೆ ಸಡಿಲವಾದದ್ದು ಗಲಗಲ ಅಲುಗುತ್ತದೆ. ಇದು ಬೆರಳಿಟ್ಟು ಒತ್ತಿದ ಸದ್ದು. ಒತ್ತಿದ್ದನ್ನು ಬಿಟ್ಟ ಸದ್ದು ಬರಲೇ ಇಲ್ಲ.

ಈ ಕೀಬೋರ್ಡು ಅವನಿಗೆ ಬೇಕಿರಲಿಲ್ಲ. ಮನೆಯಲ್ಲಿ ಒಳ್ಳೆಯದೇ ಇತ್ತು. ಆದರೆ ಗಿರಣಿಯ ಕಟ್ಟಡಕ್ಕೆ ಬಂದು ಕೂತ ಕೀಬೋರ್ಡ್ ಕಂಪನಿ ತನ್ನ ಕಂಪ್ಯೂಟರ್ ಆಟಗಾರರ ತಂಡಕ್ಕೆ ಆಯ್ಕೆ ಪಂದ್ಯ ಇಟ್ಟಿತ್ತು. ಆಡುವವರು ನಮ್ಮ ಕೀಬೋರ್ಡಿನಲ್ಲೇ ಆಡಬೇಕು ಅಂತ ಅವರ ನಿಯಮ. ಪಂದ್ಯದ ನಡುವೆ ಎದ್ದವನಿಗೆ ಇನ್ನೆಂದೂ ಅವಕಾಶವಿಲ್ಲ. ಹೇಗಿದೆ ನೋಡಿ! ಕೆಲಸ ಕೇಳಿಕೊಂಡು ಬಂದವನೇ ಕೊಡಲಿ ತರಬೇಕು, ಆ ಕೊಡಲಿಯನ್ನೂ ಧಣಿಯ ಅಂಗಡಿಯಲ್ಲೇ ಕೊಳ್ಳಬೇಕು. ಇಲ್ಮೋ ಕೊಂಡ. ಗಿರಣಿ ಮುಚ್ಚಿದ ಊರಲ್ಲಿ ಹುಡುಗರಿಗೆ ಬೇರೆ ಏನಿದೆ? ತಂಡಕ್ಕೆ ಸೇರಿದರೆ ಅವನು ಕೆಮಿಯಿಂದ ಹೊರಗೆ ಬೀಳುತ್ತಿದ್ದ.

ಕಂಪನಿಯ ಅಂಗಡಿಯಲ್ಲಿ ಮಾರುವವಳು ರೈಯಾ, ಅವನ ತಾಯಿಯ ಗೆಳತಿ. ಉಳಿದಿದ್ದದ್ದು ಒಂದೇ ಡಬ್ಬಿ. ಅದರ ಮೇಲಿಂದ ಅವಳು ಕೈ ತೆಗೆಯಲಿಲ್ಲ.

"ಸೋಮವಾರ ಬಾರೋ. ಬೇರೆ ಬರುತ್ತೆ."

"ಪಂದ್ಯ ಇವತ್ತೇ ರೈಯಾ. ಯಾಕೆ, ಇದು ಹೊಸದಲ್ವಾ?"

ಅವಳು ಒಳಕೋಣೆಯ ಕಡೆ ಒಮ್ಮೆ ನೋಡಿದಳು. ದನಿ ಇಳಿಸಿದಳು.

"ಸೀಲು ಹೊಸದು ಕಣೋ..."

ಇಲ್ಮೋ ಅವಸರದಲ್ಲಿದ್ದ. ಡಬ್ಬಿ ಎತ್ತಿಕೊಂಡು ಬಂದುಬಿಟ್ಟ.

ಮನೆಗೆ ಬಂದು ತಂತಿ ಚುಚ್ಚಿದ. ಸಾಲುಸಾಲಾಗಿ ಬಣ್ಣದ ದೀಪ ಹತ್ತಿತು. ಒಂದೊಂದೇ ಕೀ ಒತ್ತಿ ನೋಡಿದ. ಕೆಳಗಿಳಿದರೆ ಟಕ್, ಮೇಲೆ ಬಂದರೆ ಟಿಕ್. ಎಲ್ಲವೂ ಸರಿ. ಡಬ್ಲ್ಯೂ ಕೀ ಒಂದು ಬಿಟ್ಟು. ಅದನ್ನು ಒತ್ತಿದರೆ ಆಟದೊಳಗಿನ ಸಿಪಾಯಿ ಮುಂದೆ ನಡೆಯುತ್ತಾನೆ. ಅದು ಟಕ್ ಅಂತು. ಟಿಕ್ ಅನ್ನಲು ತಡ ಮಾಡಿತು... ಆಮೇಲೆ ಅಂತು. ಇನ್ನೊಂದು ಮಾತು. ಅಷ್ಟು ಚಳಿಯಲ್ಲಿ ಬಂದ ಕೀಬೋರ್ಡು ಕಬ್ಬಿಣದಂತೆ ತಣ್ಣಗಿತ್ತು. ಆ ಒಂದು ಕೀ ಮಾತ್ರ ಬೆಚ್ಚಗಿತ್ತು. ಯಾರೋ ಈಗಷ್ಟೇ ಕುಳಿತೆದ್ದ ಕುರ್ಚಿಯ ಹಾಗೆ.

ಪಂದ್ಯ ಶುರುವಾಯಿತು. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಈ ಪಂದ್ಯಕ್ಕೆ ಅವನ ತಂಡದ ನಾಯಕನಾದ ಓಸ್ಕುವಿನ ದನಿ.

"ಇಲ್ಮೋ, ಎಡಕ್ಕೆ ಬಾ. ಎಡಕ್ಕೋ!"

ಇಲ್ಮೋನ ಸಿಪಾಯಿ ಎಡಕ್ಕೆ ತಿರುಗಲಿಲ್ಲ. ನೆಟ್ಟಗೆ ಹೋದ. ಕೆಂಪು ಇಟ್ಟಿಗೆಯ ಗೋಡೆಗೆ ಮೂಗು ತಾಗಿಸಿ ಅಲ್ಲೇ ನಡೆಯತೊಡಗಿದ. ಟಪ್... ಟಪ್... ಟಪ್...

"ಏನಪ್ಪಾ ಮದುಮಗ, ಗೋಡೆಗೆ ಮುತ್ತು ಕೊಡ್ತಿದ್ದೀಯಾ?" ಅಂದ ತಂಡದವನೊಬ್ಬ. ಎಲ್ಲರೂ ನಕ್ಕರು.

ಇಲ್ಮೋ ಬೆರಳು ಎತ್ತಲು ನೋಡಿದ. ಬರಲಿಲ್ಲ. ಅಂಟಿರಲಿಲ್ಲ... ಹಿಡಿದಿತ್ತು. ಕೀಯ ಅಡಿಯಿಂದ ಯಾರೋ ಚಿವುಟಿ ಹಿಡಿದ ಹಾಗೆ.

ಬಾಗಿಲು ತಟ್ಟಿದ ಸದ್ದು. ಅಮ್ಮ.

"ಸೌನಾಗೆ ನಮ್ಮ ಪಾಳಿ ಬಂತು ಕಣೋ. ಕೆಳಗೆ ಬರ್ತೀಯಾ?"

ಅಮ್ಮಾ, ಒಳಗೆ ಬಾ ಅನ್ನಬೇಕಿತ್ತು. ಅನ್ನಲಿಲ್ಲ. ಕಂಪನಿಯವರು ಕೇಳಿಸಿಕೊಳ್ಳುತ್ತಿದ್ದಾರಲ್ಲ, ಹುಡುಗ ಹೆದರುಪುಕ್ಕಲ ಅಂದುಕೊಂಡಾರು!

"ನೀ ಹೋಗಿರಮ್ಮ."

ಹೊರಬಾಗಿಲು ಕಟಕ್ ಅಂತು. ಲಿಫ್ಟು ಗೊರಗುಟ್ಟುತ್ತ ಕೆಳಗಿನ ಸೌನಾಗೆ, ಕಟ್ಟಡದವರೆಲ್ಲ ಪಾಳಿಯಲ್ಲಿ ಮೀಯುವ ಹಬೆಕೋಣೆಗೆ, ಇಳಿಯಿತು. ಮನೆಯಲ್ಲಿ ಅವನೊಬ್ಬನೇ.

ಮರಗಟ್ಟುವಿಕೆ ಬೆರಳಿಂದ ಮೊಣಕೈಗೆ ಏರಿತು. ಬಲಗೈ ಚಾಚಿ ತಂತಿ ಕಿತ್ತ. ಬಣ್ಣದ ದೀಪವೆಲ್ಲ ಆರಿತು. ಸಿಪಾಯಿ ನಿಲ್ಲಲಿಲ್ಲ. ಟಪ್... ಟಪ್...

ಓಸ್ಕುವಿನ ನಗು ನಿಂತಿತ್ತು. ಪಿಸುಗುಟ್ಟಿದ.

"ಇಲ್ಮೋ... ಯಾರೋ ಅದು, ನಿನ್ನ ಮೈಕಲ್ಲಿ ಉಸಿರಾಡ್ತಿರೋದು?"

ಇಲ್ಮೋ ಉಸಿರು ಬಿಗಿಹಿಡಿದ. ಉಸಿರಾಟ ಕೇಳುತ್ತಲೇ ಇತ್ತು. ಕಫ ಕಟ್ಟಿದ ಎದೆಯದು. ಗೊರ್... ಗೊರ್...

"ಎದ್ದುಬಿಡೋ," ಅಂದ ಓಸ್ಕು. "ಹೋದ ವರ್ಷ ಏಲಿಸ್ ಅಂತ ಒಬ್ಬನಿದ್ದ. ಆಯ್ಕೆ ಆಯ್ಕೆ ಅಂತ ಕಂಪನೀಲೇ ಕೂರಿಸಿ ಹಗಲೂ ರಾತ್ರಿ ಆಡಿಸಿದ್ರು. ಅವನ ಸಿಪಾಯೀನೂ ಅದೇ ಗೋಡೆಗೆ ಹಿಂಗೇ... ನಾವು ನಕ್ಕೆವು ಕಣೋ. ಪಂದ್ಯ ಮುಗಿಯೋವರೆಗೂ ನಕ್ಕೆವು. ಅವನು ಯಾವಾಗಲೋ ಸತ್ತುಹೋಗಿದ್ದ. ಬೆರಳು ಮಾತ್ರ ಕೀ ಮೇಲಿತ್ತು."

ತಿಳಿಯಿತೇ? ಹೆಣದ ಕೈಯಡಿಯಿಂದ ಆ ಕೀಬೋರ್ಡನ್ನು ಎಳೆದರು. ಬಟ್ಟೆಯಲ್ಲಿ ಒರೆಸಿದರು. ಸೀಲು ಹಾಕಿದರು. ಹೊಸದು ಅಂತ ಮಾರಿದರು. ದೆವ್ವ ಯಾವುದು ಅಂತ ನೀವೇ ಹೇಳಿ.

"ಏಳೋಕೆ ಆಗ್ತಿಲ್ಲ ಓಸ್ಕು," ಅಂದ ಇಲ್ಮೋ. ಹಲ್ಲು ಕಟಕಟ ಅನ್ನುತ್ತಿತ್ತು. "ಭುಜಕ್ಕೆ ಬಂತು... ಎದೆಗೆ ಬರ್ತಿದೆ."

ಆಗ ಕಂಪನಿಯವನ ದನಿ ನಡುವೆ ಬಂತು. "ಹುಡುಗರೇ, ಪಂದ್ಯ ನಡೀತಿದೆ. ಎದ್ದವರ ಹೆಸರು ಹೊಡೆದು ಹಾಕ್ತೀವಿ."

"ನಿನ್ನ ಪಂದ್ಯಕ್ಕೆ ಬೆಂಕಿ ಬೀಳ!" ಅಂದ ಓಸ್ಕು. ಎದುರು ತಂಡಕ್ಕೂ ಕಾಣುವಂತೆ ಒಂದು ಸಾಲು ಬರೆದ: ಏಲಿಸ್ ಇನ್ನೂ ಆಡ್ತಿದ್ದಾನೆ, ಆಟ ನಿಂತರೇ ಅವನು ಬಿಡೋದು, ಎಲ್ಲರೂ ಏಳಿ. ಎದ್ದುಹೋದ. ಯಾರಾದರೂ ಬಿಟ್ಟುಹೋದರೆ ಆ ಆಟದಲ್ಲಿ ಟಣ್ ಅಂತ ಸದ್ದಾಗುತ್ತದೆ. ಟಣ್. ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ. ಎಲ್ಲರಿಗೂ ಅದೇ ಕೆಲಸದ ಆಸೆ... ಟಣ್. ಮದುಮಗ ಅಂದಿದ್ದವನು. ಟಣ್. ಟಣ್. ಆಮೇಲೆ ಎದುರು ತಂಡದವರು, ಒಬ್ಬರ ಹಿಂದೊಬ್ಬರು. ಕೊನೆಯವನೊಬ್ಬ ಉಳಿದ. ಅವನ ಹೆಸರೇನೋ, ಇಲ್ಮೋಗೆ ಇಂದಿಗೂ ಗೊತ್ತಿಲ್ಲ. ಕಿವಿಯಲ್ಲಿ ಗೊರ್... ಗೊರ್... ಎದೆಯ ಮೇಲೆ ಹಿಮದ ಗುಡ್ಡೆ ಕೂತಂತೆ.

ಟಣ್.

ಆಡಲು ಯಾರೂ ಉಳಿಯಲಿಲ್ಲ, ಪಂದ್ಯ ಮುಗಿದುಹೋಯಿತು. ಸಿಪಾಯಿ ನಿಂತ. ಕೀ ಟಿಕ್ ಅಂತ ಮೇಲೆ ಬಂತು.

ಇಲ್ಮೋ ಬರಿಗಾಲಲ್ಲಿ ಮೆಟ್ಟಿಲಿಳಿದು ಸೌನಾ ಬಾಗಿಲಿಗೆ ಬಂದು ಬಿದ್ದ. ಹಬೆಯೊಳಗಿಂದ ಓಡಿ ಬಂದ ಅಮ್ಮ ಆ ಕೈ ಹಿಡಿದು ಚೀರಿದಳಂತೆ, ಅಷ್ಟು ತಣ್ಣಗಿತ್ತು. ಎದ್ದುಹೋದ ಹುಡುಗರಲ್ಲಿ ಒಬ್ಬನಿಗೂ ಕಂಪನಿ ಮತ್ತೆ ಬಾಗಿಲು ತೆರೆಯಲಿಲ್ಲ. ಬೇಡ ಬಿಡಿ. ಇಲ್ಮೋ ಈಗ ಬಂದರಿನಲ್ಲಿ ಹಿಮ ಗೋರುತ್ತಾನೆ. ಬದುಕಿದ್ದಾನೆ.

ಅವನ ಎಡಗೈ ನಡುಬೆರಳಿನ ಉಗುರು ಮಾತ್ರ ಆ ದಿನದಿಂದ ಬೆಳೆದಿಲ್ಲ. ಉಳಿದ ಉಗುರು ಕತ್ತರಿಸುತ್ತಾನೆ, ಅದನ್ನು ಕತ್ತರಿಸುವ ಪ್ರಮೇಯವೇ ಬಂದಿಲ್ಲ. ಮೊನ್ನೆ ಅವನು ಕೈಗವಸು ಬಿಚ್ಚಿದಾಗ ನಾನೇ ಕಣ್ಣಾರೆ ನೋಡಿದೆ. ನಿಜವಾಗಿಯೂ ಆದದ್ದು.