ಕೈಗೆ ಸಿಕ್ಕ ಟವೆಲು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ, ನಡುವೆ ಅವರ ತಾಯಿ ಕೂತಿದ್ದರು. ತಾಯಿಯ ಕಣ್ಣೂ ತಮ್ಮನ ಕಣ್ಣೂ ಕೆಂಪಗಿದ್ದವು.

“ಕಣ್ಣು ಬಂದಿದೆ, ಟವೆಲು ಬೇರೆ ಇಟ್ಕೋ ಅಂತ ಬಡ್ಕೊಂಡೆ,” ಎಂದಳು ಅಕ್ಕ.

“ಕೈಗೆ ಸಿಕ್ಕಿದ್ರಲ್ಲಿ ಒರೆಸ್ಕೊಂಡೆ ಕಣಕ್ಕಾ.”

“ಸಿಕ್ಕಿದ್ದು ಅಮ್ಮಂದು. ಅವಳ ಪೊರೆ ಆಪರೇಷನ್ ಮುಂದಕ್ಕೆ ಹೋಯ್ತು.”

“ಕಪ್ಪು ಕನ್ನಡಕ ಹಾಕ್ಕೊಂಡೇ ಇದ್ನಲ್ಲ?”

“ನೋಡಿದ್ರೆ ಹರಡಲ್ಲ ಕಣೋ, ಕಣ್ಣುಜ್ಜಿದ ಕೈಯಿಂದ ಹರಡುತ್ತೆ. ಈಗ್ಲೂ ಉಜ್ತಿದ್ದೀಯ.”

“ಬಿಡೇ ಅವನ್ನ,” ಎಂದರು ತಾಯಿ. “ಇವನ ಮಗಳ ಮುಖ ಕಣ್ತುಂಬ ನೋಡೋಣ ಅಂತಿದ್ದೆ. ಇನ್ನಷ್ಟು ದಿನ ಕಾಯ್ತೀನಿ.”

ತಮ್ಮ ತಲೆತಗ್ಗಿಸಿದ. ನರ್ಸ್ ತಾಯಿಯನ್ನು ಕರೆದರು. ಅವರನ್ನು ಎಬ್ಬಿಸಲು ಅವನು ಕೈ ಚಾಚಿದ.

“ಮೊದ್ಲು ಸೋಪು ಹಾಕಿ ತೊಳ್ಕೊಂಡು ಬಾ,” ಎಂದಳು ಅಕ್ಕ.

ಅವನು ನಲ್ಲಿಯ ಕಡೆ ನಡೆದ. ನರ್ಸ್ ಮತ್ತೆ ಕರೆದರೂ ತಾಯಿ ಬಾಗಿಲಲ್ಲೇ ನಿಂತಿದ್ದು, ಅವನ ಒದ್ದೆ ಕೈ ಹಿಡಿದೇ ಒಳಗೆ ಹೋದರು.